ಪ್ರತಿ ಮೂರನೆಯ ಹೆಸರು

ಗೇಟಿನ ಚಿಲಕ ಎಳೆದರೆ ಬರಲಿಲ್ಲ, ತಳ್ಳಿದರೂ ಬರಲಿಲ್ಲ. ಅಂಗಳದಲ್ಲಿ ಸಾಲಾಗಿ ನಿಂತಿದ್ದ ಮಕ್ಕಳು ಹಾಡು ನಿಲ್ಲಿಸಿ ತನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ತಿಳಿದ ಮೇಲೆ ಅವಳ ಬೆರಳುಗಳಿಗೆ ಇದ್ದಬದ್ದ ಬುದ್ಧಿಯೂ ಹೋಯಿತು. ಕಂಕುಳಲ್ಲಿದ್ದ ಫೈಲು ಜಾರಿತು. ಅದನ್ನು ಹಿಡಿಯಲು ಹೋದಾಗ ಚೀಲ ಭುಜದಿಂದ ಮೊಣಕೈಗೆ ಇಳಿಯಿತು. ಒಂದು ಶಾಲೆ ಇರಬೇಕೋ ಬೇಡವೋ ಎಂದು ಬರೆಯಲು ಬಂದವಳು ಆ ಶಾಲೆಯ ಗೇಟು ತೆಗೆಯಲಾರದೆ ಬೀದಿಯಲ್ಲಿ ನಿಂತಿದ್ದಳು. ಎದುರಿನ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಹಿಡಿದುಕೊಂಡು ಇದನ್ನೇ ನೋಡುತ್ತಿದ್ದ. ಕೊನೆಗೆ ಬಿಳಿಕೂದಲಿನ ಒಬ್ಬ ಹೆಂಗಸು, ಗಂಟೆ ಬಾರಿಸುವ ಕಬ್ಬಿಣದ ತುಂಡನ್ನು ಕೈಯಲ್ಲಿ ಹಿಡಿದೇ, ಏನೂ ಅವಸರವಿಲ್ಲದೆ ನಡೆದು ಬಂದಳು.

"ಎಳೀಬಾರದಮ್ಮ, ಎತ್ತಬೇಕು. ನಮ್ಮ ಗೇಟಿಗೆ ಸ್ವಲ್ಪ ಗತ್ತು ಜಾಸ್ತಿ. ಹೊಸಬರ ಮಾತು ಕೇಳಲ್ಲ."

"ನಾನು ಮೌಲ್ಯಮಾಪನಕ್ಕೆ..."

"ಗೊತ್ತು, ಗೊತ್ತು. ನಿಮ್ಮನ್ನೇ ಕಾಯ್ತಾ ಇದೀವಿ. ಮೂರು ದಿನದಿಂದ ಗುಡಿಸಿದ್ದೇ ಗುಡಿಸಿದ್ದು, ನೆಲವೇ ಸವೆದುಹೋಯ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಅಜ್ಜಿ ಹಿಂದಿರುಗಿ ಒಮ್ಮೆ ನೋಡಿದ್ದಕ್ಕೇ ಸಾಲು ನೆಟ್ಟಗಾಯಿತು. ತನ್ನನ್ನು ನೋಡಿ ಯಾವ ಸಾಲೂ ಇಷ್ಟು ನೆಟ್ಟಗಾಗಿದ್ದಿಲ್ಲ ಎಂದು ಅವಳಿಗೆ ಅನ್ನಿಸಿತು. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಅಕ್ಕ ಕನ್ನಡಿಯಲ್ಲಿ ಅವಳ ಮುಖ ನೋಡಿ, "ಏನೇ, ಹೆದರಿಸೋಕೆ ಹೋಗ್ತಿದ್ದೀಯೋ, ಹೆದರ್ಕೊಳ್ಳೋಕೆ ಹೋಗ್ತಿದ್ದೀಯೋ? ಈ ಮುಖ ಹೊತ್ಕೊಂಡು ಹೋದ್ರೆ ಮಕ್ಕಳೇ ನಿಂಗೆ ಸಮಾಧಾನ ಹೇಳಿ ಕಳಿಸ್ತಾರೆ" ಎಂದಿದ್ದಳು. ಒಳಗಿನಿಂದ ಭಾವನ ನಗುವೂ ಕೇಳಿತ್ತು. ಅವಳೂ ನಕ್ಕಿದ್ದಳು, ಬಾಯಲ್ಲಿದ್ದ ಪಿನ್ನು ಕೆಳಗೆ ಬೀಳದ ಹಾಗೆ. ಹೋದ ವರ್ಷ ಇದೇ ಫೈಲು ಹಿಡಿದು ಇನ್ನೊಂದು ಶಾಲೆಗೆ ಹೋಗಿದ್ದಳು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ನಾಲ್ಕು ತಿಂಗಳ ನಂತರ ಬಸ್ಸಿನ ಕಿಟಕಿಯಿಂದ ನೋಡಿದರೆ ಆ ಶಾಲೆಯ ಕೋಣೆಗಳಲ್ಲಿ ನೀರಿನ ಪೈಪುಗಳನ್ನು ಪೇರಿಸಿದ್ದರು. ಪೈಪುಗಳ ಮೇಲ್ಗಡೆ ಕಪ್ಪುಹಲಗೆ ಕಾಣುತ್ತಿತ್ತು. ಅದರ ಮೂಲೆಯಲ್ಲಿ ಅಂದಿನ ಹಾಜರಿಯ ಸಂಖ್ಯೆಯನ್ನು ಯಾರೂ ಅಳಿಸಿರಲಿಲ್ಲ. ಇಪ್ಪತ್ತೆರಡು. ಅವಳು ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಹಾಗಿದ್ದರೂ ಆ ಬಸ್ಸನ್ನು ಹತ್ತುವುದನ್ನು ಬಿಟ್ಟಿದ್ದಳು.

ಮಕ್ಕಳು ದೊಡ್ಡ ಮಿಸ್ ಎಂದು ಕರೆಯುತ್ತಿದ್ದ ಮುಖ್ಯೋಪಾಧ್ಯಾಯಿನಿ ಎತ್ತರದ ಹೆಂಗಸು. ಹತ್ತಿರ ಬಂದಾಗ ಸೀಮೆಸುಣ್ಣದ ವಾಸನೆ ಬಂತು. ಅವರು ಕೈಮುಗಿದ ರೀತಿಯಲ್ಲಿ ಗೌರವಕ್ಕಿಂತ ಹೆಚ್ಚಿನದೇನೋ ಇತ್ತು. ಅದು ಭಯ ಎಂದು ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು, ಏಕೆಂದರೆ ಅವಳಿಗೆ ಯಾರೂ ಹೆದರಿದ್ದಿಲ್ಲ. "ಮೊದಲು ಏನು ನೋಡ್ತೀರಾ ಮೇಡಂ?" ಎಂದು ಅವರು ಕೇಳಿದಾಗ ತುಂಬಬೇಕಾದ ಇಡೀ ನಮೂನೆ ಅವಳ ತಲೆಯಿಂದ ಹಾರಿಹೋಯಿತು. "ನೀರು" ಎಂದಳು. ಕುಡಿಯಲು ಕೇಳಿದರೆಂದು ತಿಳಿದು ಅವರು ಲೋಟದಲ್ಲಿ ತರಿಸಿದರು. ನೀರಿನ ವ್ಯವಸ್ಥೆ ನೋಡಬೇಕಿತ್ತು ಎಂದು ಹೇಳಲು ನಾಚಿಕೆಯಾಗಿ, ಬಾಯಾರಿಕೆ ಇಲ್ಲದೆಯೂ ಅಷ್ಟನ್ನೂ ಕುಡಿದಳು. ಆಮೇಲೆ ನಲ್ಲಿ ನೋಡಿದಳು, ಎರಡು. ಶೌಚಾಲಯ ನೋಡಿದಳು, ಬಾಗಿಲಿಗೆ ಹೊಸದಾಗಿ ಹಚ್ಚಿದ ಬಣ್ಣ ಬೆರಳಿಗೆ ಅಂಟಿತು. ಕೋಣೆಗಳೂ ಎರಡೇ. ಒಂದರಲ್ಲಿ ಒಂದು, ಎರಡನೆಯ ತರಗತಿಯ ಹದಿಮೂರು ಪುಟಾಣಿಗಳು ಕಿರಿಯ ಮಿಸ್ ಜೊತೆ ಕಡ್ಡಿ ಎಣಿಸುತ್ತಿದ್ದರು. ಇನ್ನೊಂದರಲ್ಲಿ ಮೂರು, ನಾಲ್ಕು, ಐದು ಒಟ್ಟಿಗೆ, ಹದಿನೆಂಟು ಮಕ್ಕಳು. ಕಿಟಕಿಯ ಒಂದು ಗಾಜು ಒಡೆದಲ್ಲಿ ಹಳೆಯ ಭೂಪಟ ಅಂಟಿಸಿದ್ದರು. ಬಿಸಿಲು ಸಮುದ್ರದ ಭಾಗದಿಂದ ಮಾತ್ರ ಒಳಗೆ ಬರುತ್ತಿತ್ತು, ನೀಲಿಯಾಗಿ. ಅವಳು ಪ್ರತಿಯೊಂದನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದಳು. ಇದು ಅವಳ ಅಭ್ಯಾಸ. ಮೊದಲು ಪೆನ್ಸಿಲು, ಎರಡು ಸಲ ಓದಿ ನೋಡಿ ಆಮೇಲೆ ಶಾಯಿ. ಕಚೇರಿಯಲ್ಲಿ ಇದನ್ನು ನೋಡಿ ನಗುತ್ತಾರೆ. ಗಾಜಿನ ಬಗ್ಗೆ ಬರೆಯುವಾಗ ಸಮುದ್ರದ ಬಿಸಿಲಿನ ಬಗ್ಗೆಯೂ ಬರೆಯಬೇಕು ಅನ್ನಿಸಿತು. ಹೋದ ವರ್ಷ ಅಂಥದ್ದೇ ಒಂದು ಸಾಲು ಬರೆದಾಗ ಕಚೇರಿಯ ಸಾಹೇಬರು ಅದರ ಕೆಳಗೆ ಕೆಂಪು ಗೀಟು ಎಳೆದು, ಎಲ್ಲರಿಗೂ ಕೇಳುವಂತೆ, "ಭಾವನೆಗೆ ಕಾಲಂ ಇಲ್ಲ ಕಣಮ್ಮ" ಎಂದಿದ್ದರು.

ನಮೂನೆಯಲ್ಲಿ ನಲ್ಲಿ, ಗಾಜು, ಬಾಗಿಲು ಇವಕ್ಕೆಲ್ಲ ಅಂಕಗಳಿದ್ದರೂ ಶಾಲೆಯ ಉಳಿವು ಇದ್ದದ್ದು ಕೊನೆಯ ಪುಟದಲ್ಲಿ. ಮೂರನೆಯ ತರಗತಿಯಿಂದ ಮೇಲಿನ ಮಕ್ಕಳಲ್ಲಿ ಹಾಜರಿ ಪುಸ್ತಕದ ಪ್ರತಿ ಮೂರನೆಯ ಹೆಸರನ್ನು ಕರೆದು, ಮುಚ್ಚಿದ ಲಕೋಟೆಯಿಂದ ತೆಗೆದ ಕಾರ್ಡನ್ನು ಓದಿಸಬೇಕು. ಕಾರ್ಡಿನಲ್ಲಿ ನಲವತ್ತು ಶಬ್ದ. ಮೂವತ್ತನ್ನು ಸರಿಯಾಗಿ ಓದಿದರೆ ಮಗುವಿಗೆ ಓದು ಬರುತ್ತದೆ ಎಂದರ್ಥ. ಆರರಲ್ಲಿ ನಾಲ್ವರಿಗೆ ಬಂದರೆ ಶಾಲೆ ಉಳಿಯುತ್ತದೆ. ಬರದಿದ್ದರೆ ದೊಡ್ಡ ರಸ್ತೆಯ ಆಚೆಗಿನ ಶಾಲೆಯಲ್ಲಿ ವಿಲೀನ. ಇದು ಗೇಟಿನವರೆಗೆ ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿ ಅಂಗಡಿಯವನಿಗೂ ಗೊತ್ತಿದ್ದಿರಬೇಕು. ಅವಳು ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಹಾಜರಿ ಪುಸ್ತಕ ಬಿಡಿಸಿದಳು. ದೊಡ್ಡ ಮಿಸ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಳಗಿನ ಹದಿನೆಂಟು ಮಕ್ಕಳ ಉಸಿರಾಟ ಕೇಳುವಷ್ಟು ಮೌನ. ಅವಳ ಬೆರಳು ಅಚ್ಚಾದ ಕ್ರಮಸಂಖ್ಯೆಗಳ ಮೇಲೆ ಜಾರಿತು. ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು, ಹದಿನೆಂಟು. ಆರಕ್ಕೂ ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ ಇಟ್ಟಳು.

ಮೂರನೆಯ ಹೆಸರಿನ ಹುಡುಗಿ ಬಂದು, ಕಾರ್ಡು ಹಿಡಿದು, ನಲ್ಲಿ ಬಿಟ್ಟಂತೆ ಓದಿದಳು. 'ಆಮೆ ನಿಧಾನವಾಗಿ ಹೊರಟಿತು. ದಾರಿಯಲ್ಲಿ ಅದಕ್ಕೆ ಒಂದು ದೊಡ್ಡ ಕಲ್ಲು ಸಿಕ್ಕಿತು. ಕಲ್ಲು ದಾರಿ ಬಿಡಲಿಲ್ಲ...' ನಲವತ್ತಕ್ಕೆ ನಲವತ್ತು. ಕೇಳಿದವಳ ಎದೆ ಹಗುರಾಯಿತು. ಆರನೆಯ ಹೆಸರು ಕರೆದಾಗ ಒಳಗೆ ಏನೋ ಆಯಿತು. ಶಬ್ದವಲ್ಲ, ಇದ್ದ ಮೌನವೇ ಇನ್ನೊಂದು ಥರದ್ದಾಯಿತು. ಬೆಂಚು ಕಿರುಗುಟ್ಟಿತು, ಒಬ್ಬ ಹುಡುಗ ಬಂದ, ಕಾರ್ಡನ್ನು ನೋಡಿದ, ದೊಡ್ಡ ಮಿಸ್ಸಿನ ಕಡೆ ನೋಡಿದ. 'ಆಮೆ' ಎಂದ. ಮುಂದಿನದು ಬರಲಿಲ್ಲ. ಅವನ ಕಿವಿ ಕೆಂಪಾಗುವುದನ್ನು ಅವಳು ನೋಡಬಾರದೆಂದುಕೊಂಡೇ ನೋಡಿದಳು. ತಾನು ಓದುತ್ತಿದ್ದ ಕಾಲದಲ್ಲಿ, ಸಂಜೆ ಕಾಲೇಜಿನ ಮಿಣುಗುವ ಟ್ಯೂಬ್‌ಲೈಟಿನ ಕೆಳಗೆ, ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಊದಿದ ಕಾಲುಗಳನ್ನು ಬೆಂಚಿನ ಕೆಳಗೆ ಚಪ್ಪಲಿಯಿಂದ ಬಿಡಿಸಿಕೊಂಡು, ಅವಳು ತಲೆಗಳನ್ನು ಎಣಿಸುತ್ತಿದ್ದಳು. ಮೇಷ್ಟರು ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಓದಿಸುತ್ತಿದ್ದರು. ತನ್ನ ಮುಂದೆ ಒಂಬತ್ತು ತಲೆ, ಹಾಗಾದರೆ ಹತ್ತನೆಯ ಪ್ಯಾರಾ ತನ್ನದು. ಉಳಿದವರು ಓದುವಷ್ಟು ಹೊತ್ತೂ ಅದೊಂದನ್ನೇ ತುಟಿಯಲ್ಲಿ ತಿರುವಿ ತಿರುವಿ ಗಟ್ಟಿ ಮಾಡುತ್ತಿದ್ದಳು. ಒಂದು ದಿನ ಮುಂದಿನ ಬೆಂಚಿನ ಪೊಲೀಸಪ್ಪ ಮಧ್ಯದಲ್ಲೇ ಎದ್ದು ಡ್ಯೂಟಿಗೆ ಹೋಗಿಬಿಟ್ಟ. ಲೆಕ್ಕ ಒಂದು ತಪ್ಪಿತು. ಒಂಬತ್ತನೆಯ ಪ್ಯಾರಾ ಅವಳ ಪಾಲಿಗೆ ಬಂತು. ಎದ್ದು ನಿಂತಾಗ ಅಕ್ಷರಗಳೆಲ್ಲ ಇರುವೆಗಳ ಹಾಗೆ ಚದುರಿ ಹೋದವು. ಅವಳು ನಿಂತೇ ಇದ್ದಳು. ಮೇಷ್ಟರು, "ಕೂತ್ಕೊಳಮ್ಮ, ನಿಂತ್ರೆ ಕಾಲು ನೋಯುತ್ತೆ" ಎಂದಿದ್ದರು. ಎಲ್ಲರೂ ನಕ್ಕಿದ್ದರು, ಕೆಟ್ಟ ಮನಸ್ಸಿನಿಂದಲ್ಲ.

"ಹೋಗಪ್ಪ, ಕೂತ್ಕೋ" ಎಂದು ಅವಳು ಹುಡುಗನಿಗೆ ಹೇಳಿದಳು. ಒಂದು ಎಂದು ಬರೆದಳು.

ಒಂಬತ್ತನೆಯ ಹೆಸರು ಕರೆದಾಗ ಒಳಗಿಂದ ಯಾರೋ, "ಮಿಸ್, ಅದು ಬಟಾಣಿ ಮಿಸ್!" ಎಂದರು, ಕರೆದವರಿಗೆ ತಪ್ಪಾಗಿರಬೇಕು ಎಂಬ ದನಿಯಲ್ಲಿ. ಮೂರನೆಯ ತರಗತಿಯ ಆ ಹುಡುಗಿ ನಿಜಕ್ಕೂ ಬಟಾಣಿಯಷ್ಟೇ ಇದ್ದಳು. ತಲೆ ದುಂಡಗೆ, ಅಂಗಿಯ ತೋಳು ಮೂರು ಮಡಿಕೆ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ತೋರುಬೆರಳನ್ನು ಮೊದಲ ಅಕ್ಷರದ ಮೇಲೆ ಊರಿ, ಉಗುರು ಬೆಳ್ಳಗಾಗುವಷ್ಟು ಒತ್ತಿ, "ಆ" ಎಂದಳು. "ಮೆ" ಎಂದಳು. ಎರಡನ್ನೂ ಸೇರಿಸಿದಾಗ ತಾನೇ ಬೆಚ್ಚಿದಂತೆ ತಲೆ ಎತ್ತಿದಳು. "ಆಮೆ!" ನಂತರದ ಶಬ್ದಕ್ಕೆ ಎಷ್ಟು ಹೊತ್ತಾಯಿತೋ. ನಿ, ಧಾ, ನ. ಬೆರಳು ಹಿಂದಕ್ಕೆ ಹೋಗಿ ಮತ್ತೆ ಬಂತು. 'ನಿಧಾನವಾಗಿ' ಆಯಿತು. 'ಹೊರಟಿತು' ಆಯಿತು. 'ದಾರಿಯಲ್ಲಿ' ಆಗುವಷ್ಟರಲ್ಲಿ ಹುಡುಗಿಯ ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು. ಅಲ್ಲಿ ಅವಳು ಕಾರ್ಡನ್ನು ಇಳಿಸಿ, "ಸಾಕಾ?" ಎಂದು ಕೇಳಿದಳು. ನಾಲ್ಕು. ಮೌಲ್ಯಮಾಪಕಿ ಪೆನ್ಸಿಲನ್ನು ಒತ್ತಿ ನಾಲ್ಕು ಎಂದು ಬರೆದಳು. ಹನ್ನೆರಡನೆಯ ಹೆಸರಿನವಳು ಕಾರ್ಡು ಮುಟ್ಟದೆ ಅತ್ತಳು. ಹದಿನೈದನೆಯವನು ಕಾರ್ಡಿನ ಮೂಲೆಯ ಚಿತ್ರ ನೋಡಿ ಸ್ವಂತ ಕಥೆ ಹೇಳಿದ. ಅದರಲ್ಲಿ ಆಮೆಗೆ ಇಬ್ಬರು ತಮ್ಮಂದಿರಿದ್ದರು.

ಆಗ ದೊಡ್ಡ ಮಿಸ್ ಬಾಗಿಲಿನಿಂದ ಬೆನ್ನು ಎತ್ತಿದರು. "ಮೇಡಂ" ಎಂದರು, ಗಂಟಲು ಸರಿ ಮಾಡಿಕೊಂಡು ಇನ್ನೊಮ್ಮೆ "ಮೇಡಂ" ಎಂದರು. "ನಾಲ್ಕನೇ ಹೆಸರು ಕಡಿದಿದೆ. ಆ ಮಗು ವರ್ಗಾವಣೆ ಪತ್ರ ತಗೊಂಡು ಹೋಯ್ತು. ಕಡಿದ ಹೆಸರು ಬಿಟ್ಟು ಎಣಿಸ್ಬೇಕು ಅಂತ ಸುತ್ತೋಲೆಯಲ್ಲಿ..."

ಅವಳು ಪುಸ್ತಕ ನೋಡಿದಳು. ನಾಲ್ಕನೆಯ ಸಾಲಿನ ಮೇಲೆ ಕೆಂಪು ಗೀಟು ಇತ್ತು, ಕಣ್ಣಿಗೆ ಹೊಡೆಯುವಷ್ಟು ಕೆಂಪಾಗಿ. ಅದನ್ನೂ ಸೇರಿಸಿ ಎಣಿಸಿದ್ದಳು. ಮೂರರವರೆಗೆ ಎಣಿಸಲು ಬರದ ಮೌಲ್ಯಮಾಪಕಿ. ಈ ತಪ್ಪಿನೊಂದಿಗೆ ನಮೂನೆ ಕಚೇರಿಗೆ ಹೋಗಿದ್ದರೆ ಸಾಹೇಬರು ಅದನ್ನು ಮೇಜಿನಿಂದ ಮೇಜಿಗೆ ಕಳಿಸುತ್ತಿದ್ದರು. ಗುಮಾಸ್ತರು ಒಬ್ಬೊಬ್ಬರೇ ಎದ್ದು ನಿಂತು ಪ್ರತಿ ಮೂರನೆಯ ಕುರ್ಚಿ ಎಣಿಸುತ್ತಿದ್ದರು. "ಕ್ಷಮಿಸಿ, ನನ್ನದೇ ತಪ್ಪು, ಮತ್ತೆ ಎಣಿಸ್ತೀನಿ" ಎಂದು ಮೂರು ಸಲ ಹೇಳಿದಳು. ದೊಡ್ಡ ಮಿಸ್ "ಪರವಾಗಿಲ್ಲ, ಪರವಾಗಿಲ್ಲ" ಎಂದು ಅಷ್ಟೇ ಸಲ ಹೇಳಿದರು. ಹೊಸದಾಗಿ ಎಣಿಸಿದಾಗ ಮೂರರ ನಂತರ ಏಳು ಬಂತು, ಹತ್ತು, ಹದಿಮೂರು, ಹದಿನಾರು, ಹತ್ತೊಂಬತ್ತು. ಮೂರನೆಯ ಹುಡುಗಿಯದು ಮೊದಲೇ ಆಗಿದೆ. ಉಳಿದ ಐವರಿಗೆ ಪಕ್ಕದಲ್ಲಿ ಇನ್ನೊಂದು ಸಾಲು ಪೆನ್ಸಿಲಿನಲ್ಲಿ ಎಳೆದಳು.

ಏಳನೆಯ ಹೆಸರಿನವನು ನಿಲ್ಲದೆ ಓದಿದ. ಹತ್ತನೆಯವಳು ಹಾಡಿದ ಹಾಗೆ ಓದಿದಳು. ತರಗತಿಯಲ್ಲಿ ಈಗ ಉಸಿರಾಟ ಸಲೀಸಾಗಿತ್ತು. ಕಿಟಕಿಯ ಬಳಿ ಕೂತಿದ್ದ ಬಟಾಣಿ ಗಲ್ಲವನ್ನು ಅಂಚಿನ ಮೇಲಿಟ್ಟು ಓದುವವರ ಬಾಯನ್ನೇ ನೋಡುತ್ತಿದ್ದಳು. ಹದಿಮೂರನೆಯವನ ಓದೂ ಮುಗಿಯಿತು. ಹದಿನಾರನೆಯ ಹೆಸರನ್ನು ಕರೆಯಲು ಅವಳು ಪುಸ್ತಕದಿಂದ ತಲೆ ಎತ್ತಿದಾಗ, ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಆಗಲೇ ಎದ್ದು ನಿಂತಿದ್ದಳು. ಹೆಸರನ್ನು ಇನ್ನೂ ಕರೆದೇ ಇರಲಿಲ್ಲ.

ಮೌಲ್ಯಮಾಪಕಿ ಬೆರಳನ್ನು ಹೆಸರಿನ ಮೇಲೆಯೇ ಇಟ್ಟು ಹುಡುಗಿಯನ್ನು ನೋಡಿದಳು. ಕರೆದಳು. ಎದ್ದು ನಿಂತವಳೇ ಬಂದಳು. ಓದಿದಳು, ಅವಳ ನಂತರ ಹತ್ತೊಂಬತ್ತನೆಯವಳೂ ಓದಿದಳು. ಕಿವಿಗೆ ಬೀಳುತ್ತಿದ್ದರೂ ಮೌಲ್ಯಮಾಪಕಿ ಕೇಳಿಸಿಕೊಳ್ಳುತ್ತಿರಲಿಲ್ಲ, ಹಾಜರಿ ಪುಸ್ತಕದ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವುತ್ತಿದ್ದಳು. ಶಾಲೆ ಶುರುವಾದ ತಿಂಗಳಿನಿಂದ ಈ ತಿಂಗಳವರೆಗೆ ಒಂದೇ ಶಾಯಿ, ಒಂದೇ ಒತ್ತು. ಒಂದು ಹಾಳೆಯ ಮೂಲೆಯೂ ಮಡಚಿಲ್ಲ, ಒಂದು ಬೆರಳಿನ ಗುರುತಿಲ್ಲ. ಮಕ್ಕಳ ನಡುವೆ ತಿಂಗಳುಗಟ್ಟಲೆ ಇದ್ದ ಪುಸ್ತಕ ಹಾಗಿರುವುದಿಲ್ಲ. ಆರು ಹೆಸರು ಎಲ್ಲಿ ಕೂರಬೇಕೋ ಅಲ್ಲಿ ಕೂತಿದ್ದವು. ಸರಿಯಾಗಿ ಎಣಿಸುವವಳು ಬಂದಿದ್ದರೆ ಇಡೀ ಬೆಳಿಗ್ಗೆ ನೀರಿನ ಹಾಗೆ ಹರಿದುಹೋಗುತ್ತಿತ್ತು. ತನ್ನ ದಡ್ಡತನ ಒಂದೇ ಇಲ್ಲಿ ನಿಜವನ್ನು ಕರೆದು ನಿಲ್ಲಿಸಿತ್ತು. ಗಂಟೆ ಅಜ್ಜಿ ಬಿಡುವಿನ ಗಂಟೆ ಬಾರಿಸಿದಳು. ಆ ಸದ್ದಿಗೆ ಬೆಚ್ಚಿದ್ದು ವರಾಂಡದಲ್ಲಿದ್ದ ಇಬ್ಬರು ದೊಡ್ಡವರು ಮಾತ್ರ.

ಮಕ್ಕಳು ಅಂಗಳಕ್ಕೆ ಓಡಿದ ಮೇಲೆ ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ತಾನು ಕೇಳಬೇಕಾದದ್ದನ್ನು ಯಾರಾದರೂ ಬೇರೆಯವರು ಕೇಳಿದರೆ ಚೆನ್ನಾಗಿತ್ತು.

"ಇದನ್ನ ಯಾವಾಗ ಬರೆದಿದ್ದು?"

ದೊಡ್ಡ ಮಿಸ್ ಕೂರಲಿಲ್ಲ. "ಹೋದ ವಾರ. ಎರಡು ದಿನ ಹಿಡೀತು. ಹಳೇದು ನೀರು ಬಿದ್ದು ಹಾಳಾಯ್ತು ಅಂತ ಹೇಳೋಣ ಅಂದ್ಕೊಂಡಿದ್ದೆ. ನೀವು ಹೀಗೆ ಮೆಲ್ಲಗೆ ಕೇಳಿದ್ರೆ ಬಾಯಿಗೆ ಬರ್ತಾ ಇಲ್ಲ."

"ಕಡಿದ ಹೆಸರನ್ನ ಕೊನೇಲಿ ಹಾಕಬಹುದಿತ್ತಲ್ಲ." ಇದನ್ನು ಯಾಕೆ ಕೇಳಿದೆ ಎಂದು ಅವಳಿಗೆ ದಿಗಿಲಾಯಿತು. ಕಳ್ಳತನದಲ್ಲಿ ಪಾಲುದಾರಳ ಪ್ರಶ್ನೆ ಅದು.

"ಕೊನೇಲಿ ಇರೋರು ಈ ವರ್ಷ ಸೇರಿದೋರು. ಬಂದ ವರ್ಷವೇ ಬಿಟ್ಟುಹೋಯ್ತು ಅಂದ್ರೆ ಅನುಮಾನ ಬರುತ್ತೆ. ಅದು ಎಲ್ಲಿತ್ತೋ ಅಲ್ಲೇ ಇಟ್ಟೆ. ಎಲ್ಲಾ ಯೋಚನೆ ಮಾಡಿದ್ದೆ ಮೇಡಂ. ಎಣಿಸೋಕೆ ಬರದೇ ಇರೋರು ಬರ್ತಾರೆ ಅಂತ ಮಾತ್ರ..." ಅವರು ಬಾಯಿಗೆ ಕೈ ಇಟ್ಟುಕೊಂಡರು. "ತಪ್ಪು ತಿಳ್ಕೋಬೇಡಿ."

ಅವಳಿಗೆ ನಗು ಬಂದಂತಾಯಿತು. ಹೊರಗೆ ಬರಲಿಲ್ಲ.

"ನನಗೋಸ್ಕರ ಅಲ್ಲ" ಎಂದು ದೊಡ್ಡ ಮಿಸ್ ಹೇಳಿದರು. "ನನ್ನ ನಿವೃತ್ತಿಗೆ ಇನ್ನು ಒಂದು ವರ್ಷ. ಎಲ್ಲಿ ಹಾಕಿದ್ರೂ ಕಳೆಯುತ್ತೆ. ಆ ಓದೋ ಆರು ಮಕ್ಕಳನ್ನ ಅವರ ಮನೆಯೋರು ಎಷ್ಟು ದೂರ ಆದ್ರೂ ಕಳಿಸ್ತಾರೆ. ಉಳಿದವರದು ಹೇಳಿ. ಬಟಾಣಿಯ ಅಮ್ಮ ನಸುಕಿಗೆ ಆಸ್ಪತ್ರೆ ಒರೆಸೋಕೆ ಹೋಗ್ತಾಳೆ. ದೊಡ್ಡ ರಸ್ತೆ ದಾಟಿಸೋರು ಯಾರು? ಒಂದು ವಾರ ಹೋಗುತ್ತೆ, ಎರಡು ವಾರ ಹೋಗುತ್ತೆ, ಆಮೇಲೆ ಮನೇಲೇ ಇರುತ್ತೆ. ಶಾಲೆ ಮುಚ್ಚಿದ್ರೆ ಓದೋಕೆ ಬರದೇ ಇರೋರೇ ಮೊದಲು ಬಿಡೋದು ಮೇಡಂ. ನಿಮಗೆ ಗೊತ್ತಿಲ್ದೇ ಇರೋದಲ್ಲ."

ಗೊತ್ತಿತ್ತು. ಹೋದ ವರ್ಷದ ಆ ಇಪ್ಪತ್ತೆರಡರಲ್ಲಿ ಎಷ್ಟು ಮಂದಿ ಹೊಸ ಶಾಲೆಗೆ ಹೋದರೆಂದು ಅವಳು ಕಚೇರಿಯಲ್ಲಿ ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

"ಹಾಗಾದ್ರೆ ಅವರಿಗೆ ಕಲಿಸಬೇಕಿತ್ತು" ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ದೊಡ್ಡ ಮಿಸ್ ಅಂಗಳದ ಕಡೆ ನೋಡಿದರು. "ಸುತ್ತೋಲೆ ಬಂದು ಮೂರು ತಿಂಗಳಾಯ್ತು. ಹದಿನೆಂಟು ಜನರನ್ನೂ ಮೂರು ತಿಂಗಳಲ್ಲಿ ದಡ ಸೇರಿಸೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಆರು ಜನ ಆದ್ರೆ ಆಗುತ್ತೆ ಅನ್ನಿಸ್ತು. ಸ್ವಲ್ಪ ಬರೋರನ್ನೇ ಆರಿಸಿದೆ. ದಿನಾ ಅವರ ಜೊತೆ ಕೂತೆ. ಉಳಿದೋರಿಗೆ ಚಿತ್ರ ಬರೀರಿ ಅಂತ ಹೇಳ್ತಿದ್ದೆ. ಒಂದೇ ಕೋಣೆ ನೋಡಿ, ಚಿತ್ರ ಬರೀತಾ ಬರೀತಾ ನಮ್ಮ ಕಡೆ ನೋಡ್ತಾ ಕೂತಿರೋರು." ಆಮೇಲೆ ನಮೂನೆಯ ಕಡೆ ನೋಡಿ ಕೇಳಿದರು, "ಬಟಾಣಿ ಎಷ್ಟು ಓದಿದ್ಲು ಅಂತ ಬರ್ಕೊಂಡ್ರಿ?"

"ನಾಲ್ಕು."

"ನಾಲ್ಕಾ?" ಅವರ ಮುಖದಲ್ಲಿ ಹೆದರಿಕೆ ಸರಿದು ಇನ್ನೇನೋ ಬಂತು. "ಅವಳಿಗೆ ನಾನು 'ಆ' ಕೂಡ ಹೇಳಿಕೊಟ್ಟಿಲ್ಲ ಮೇಡಂ. ಯಾರು ಕಲಿಸಿದ್ರೋ."

ಅವರು ಹೋದ ಮೇಲೆ ಅವಳು ಎರಡು ಸಾಲುಗಳನ್ನು ಮುಂದಿಟ್ಟುಕೊಂಡು ಕೂತಳು. ಎಡಗಡೆಯದು ತಪ್ಪಾಗಿ ಎಣಿಸಿದ್ದು, ನಿಜ. ಬಲಗಡೆಯದು ಸರಿಯಾಗಿ ಎಣಿಸಿದ್ದು, ಸುಳ್ಳು. ಎಡಗಡೆಯದನ್ನು ಕಳಿಸಿದರೆ ಅದು ನಿಯಮಕ್ಕೆ ವಿರುದ್ಧವಾದ ನಮೂನೆ. ತಿರುಗಿ ಬರುತ್ತದೆ, ತನ್ನ ಹೆಸರಿನ ಮುಂದೆ ಕೆಂಪು ಟಿಪ್ಪಣಿ ಬೀಳುತ್ತದೆ, ಇನ್ನೊಬ್ಬರು ಬಂದು ಸರಿಯಾಗಿ ಎಣಿಸಿ ಬಲಗಡೆಯದನ್ನೇ ಬರೆದುಕೊಂಡು ಹೋಗುತ್ತಾರೆ. ಪುಸ್ತಕ ಹೊಸದಾಗಿ ಬರೆದದ್ದು ಎಂದು ವರದಿ ಮಾಡಿದರೆ ದೊಡ್ಡ ಮಿಸ್ ಅಮಾನತು, ಶಾಲೆ ವಿಲೀನ, ಇನ್ನೊಂದು ಕಪ್ಪುಹಲಗೆ, ಅದರ ಮೂಲೆಯಲ್ಲಿ ಮೂವತ್ತೊಂದು. ನಿಯಮ, ಕರುಣೆ, ಸಾಹೇಬರ ಭಯ ಮೂರೂ ಒಂದೇ ಕಡೆಗೆ ಎಳೆಯುತ್ತಿದ್ದವು. ಹೀಗೆ ಎಲ್ಲವೂ ಒಂದೇ ಕಡೆ ಸೇರಿದ್ದನ್ನು ಅವಳು ಜೀವನದಲ್ಲಿ ಕಂಡಿರಲಿಲ್ಲ. ಸಮಾಧಾನವಾಗಬೇಕಿತ್ತು. ಅದರ ಬದಲು ಹೆದರಿಕೆ ಹೆಚ್ಚಾಯಿತು, ಕತ್ತಲಲ್ಲಿ ಮೆಟ್ಟಿಲಿದೆ ಎಂದು ಕಾಲಿಟ್ಟರೆ ಸಮನೆಲ ಸಿಕ್ಕಾಗ ಆಗುವ ಹಾಗೆ. ಎಡಗಡೆಯ ಸಾಲಿನ ವಿರುದ್ಧ ಇದ್ದದ್ದು ಇಷ್ಟೆಲ್ಲ. ಅದರ ಪರವಾಗಿ ಇದ್ದದ್ದು ಬಟಾಣಿಯ ಆ ನಾಲ್ಕು ಮಾತ್ರ.

ರಬ್ಬರು ತೆಗೆದಳು. ಆರನೆಯವನ ಒಂದನ್ನು ಅಳಿಸಿದಳು. ನಾಲ್ಕರ ಮೇಲೆ ರಬ್ಬರು ಇಟ್ಟಾಗ, ಎದುರಿನಲ್ಲಿ ಯಾರೋ ಮೂಗು ಎಳೆದುಕೊಂಡ ಸದ್ದಾಯಿತು. ಬಟಾಣಿ ಮೆಟ್ಟಿಲ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನಂದು ಅಳಿಸ್ತೀರಾ ಮಿಸ್?"

"ಅದು... ನಿನ್ನ ಸರದಿ ಅಲ್ಲ ಮಗು. ನಾನು ತಪ್ಪಿ ಕರೆದುಬಿಟ್ಟೆ."

ಹುಡುಗಿ ಇದನ್ನು ಯೋಚಿಸಿದಳು. "ತಪ್ಪಿ ಕರೆದ್ರೂ ನಾನು ಓದಿದ್ನಲ್ಲ."

"ಓದಿದೆ. ಚೆನ್ನಾಗಿ ಓದಿದೆ."

"ಮತ್ತೆ?"

ರಬ್ಬರು ಹೋಯಿತು ಬಂತು. ಪೆನ್ಸಿಲನ್ನು ಒತ್ತಿ ಬರೆದಿದ್ದರಿಂದ ಬಣ್ಣ ಹೋದರೂ ಗುಣಿ ಉಳಿಯಿತು. ಅದರ ಮೇಲೆ ಇನ್ನೂ ಎರಡು ಸಲ ಉಜ್ಜಿದಳು. ಕಾಗದ ಅಲ್ಲಿ ಮಾತ್ರ ತೆಳ್ಳಗಾಯಿತು. ಹುಡುಗಿಯ ಮುಂದೆ ಇದನ್ನು ಮಾಡಬಾರದು, ಮನೆಗೆ ಹೋಗಿ ಮಾಡಬಹುದು ಎಂದು ಹೊಳೆಯುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಪೆನ್ನು ತೆಗೆದು ಬಲಗಡೆಯ ಸಾಲನ್ನು ಶಾಯಿಯಲ್ಲಿ ತುಂಬಿದಳು. ಈ ಸಲ ಎರಡು ಬಾರಿ ಓದಿ ನೋಡಲಿಲ್ಲ. ಆರರಲ್ಲಿ ಆರು. ಸಹಿ ಮಾಡಿದಳು. ದೊಡ್ಡ ಮಿಸ್ ಮುದ್ರೆ ಒತ್ತಲು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ನಾಳೆಯಿಂದ ಉಳಿದವರ ಜೊತೆ ಕೂರ್ತೀನಿ ಮೇಡಂ" ಎಂದು ಅವರು ಮುದ್ರೆಗೆ ಹೇಳಿದಂತೆ ಹೇಳಿದರು. ಮುಂದಿನ ವರ್ಷವೂ ಮೌಲ್ಯಮಾಪನ ಇರುತ್ತದೆ, ಆಗಲೂ ಪ್ರತಿ ಮೂರನೆಯ ಹೆಸರೇ ಇರುತ್ತದೆ. ಇದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಕಾರ್ಡನ್ನು ಲಕೋಟೆಗೆ ಸೇರಿಸುತ್ತಿದ್ದಾಗ ಬಟಾಣಿ ಮತ್ತೆ ಹತ್ತಿರ ಬಂದಳು. ಬಿಡುವು ಮುಗಿದು ಉಳಿದವರು ಒಳಗೆ ಹೋಗಿದ್ದರು. "ಈಗ ಓದ್ಲಾ ಮಿಸ್? ಈಗ ಪೂರ್ತಿ ಬರುತ್ತೆ."

ಬೇಡ ಎನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ. ಕಾರ್ಡು ಕೊಟ್ಟಳು. ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಹದಿನಾರನೆಯವಳು ನಿಂತಿದ್ದ ಹಾಗೆಯೇ ಒಂದು ಕಾಲು ಮುಂದಿಟ್ಟು ನಿಂತಳು. "ಆಮೆ ನಿಧಾನವಾಗಿ ಹೊರಟಿತು. ದಾರಿಯಲ್ಲಿ ಅದಕ್ಕೆ ಒಂದು ದೊಡ್ಡ ಕಲ್ಲು ಸಿಕ್ಕಿತು. ಕಲ್ಲು ದಾರಿ ಬಿಡಲಿಲ್ಲ..." ಎಲ್ಲಿಯೂ ತಡೆಯಲಿಲ್ಲ. ಹತ್ತನೆಯವಳ ರಾಗ ಇತ್ತು, ಏಳನೆಯವನು ಉಸಿರು ತೆಗೆದುಕೊಂಡ ಜಾಗದಲ್ಲೇ ಉಸಿರು ತೆಗೆದುಕೊಂಡಳು. ಕೇಳುತ್ತಿದ್ದವಳ ಎದೆ ಒಂದು ಕ್ಷಣ ಅರಳಿತು. ಆಮೇಲೆ ಕಣ್ಣು ಹುಡುಗಿಯ ಬೆರಳಿನ ಮೇಲೆ ಬಿತ್ತು. ಬೆಳಿಗ್ಗೆ ಒಂದೊಂದು ಅಕ್ಷರಕ್ಕೂ ಊರಿ ನಿಂತಿದ್ದ ಬೆರಳು ಈಗ ಸಾಲುಗಳ ಮೇಲೆ ಸುಮ್ಮನೆ ಜಾರುತ್ತಿತ್ತು. ಆಮೆ ಇನ್ನೂ ಕಲ್ಲಿನ ಹತ್ತಿರವೇ ಇರುವಾಗ ಅದು ಕಾರ್ಡಿನ ಕೊನೆ ಮುಟ್ಟಿತು. ಮುಟ್ಟಿ, ಮತ್ತೆ ಮೇಲಕ್ಕೆ ಹೋಗಿ ಮೊದಲ ಸಾಲಿನಿಂದ ಜಾರಲು ಶುರುಮಾಡಿತು. ಕಥೆ ಮುಗಿದಾಗ ಅದು ನಿಂತಿದ್ದ ಜಾಗದಲ್ಲಿ 'ನಿಧಾನವಾಗಿ' ಎಂದು ಇತ್ತು.

"ಎಷ್ಟು ಮಿಸ್?"

ಆ ಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲೆ ಇಡಬಹುದಿತ್ತು. ಇಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಇರುವೆಗಳು ಚದುರುತ್ತವೆ.

"ನಲವತ್ತು" ಎಂದಳು. "ನಲವತ್ತಕ್ಕೆ ನಲವತ್ತು."

ಹುಡುಗಿಯ ಬಾಯಿ ತೆರೆಯಿತು. ನಗಲೂ ಮರೆತವಳಂತೆ ಕಾರ್ಡನ್ನೇ ನೋಡಿದಳು, ಹಿಂದೆ ಮುಂದೆ ತಿರುಗಿಸಿ. ನಂಬಿದ್ದಳು. ತನಗೆ ಓದು ಬಂದುಬಿಟ್ಟಿದೆ ಎಂದು ಪೂರ್ತಿ ನಂಬಿದ್ದಳು. "ಹಾಗಾದ್ರೆ ಇನ್ನೊಂದು ಕೊಡಿ ಮಿಸ್. ಬೇರೇದು. ಅದನ್ನೂ ಓದ್ತೀನಿ."

ಚೀಲದಲ್ಲಿ, ಗೈರುಹಾಜರಾದವರಿಗೆಂದು ಕಚೇರಿಯವರು ಕೊಟ್ಟಿದ್ದ, ಬೇರೆ ಕಾರ್ಡಿನ ಎರಡನೆಯ ಲಕೋಟೆ ಇತ್ತು, ಅರಗು ಒಡೆಯದೆ. ಅವಳು ಚೀಲವನ್ನು ಎದೆಗೆ ಎಳೆದುಕೊಂಡಳು. ಒಳಗಿನ ಲಕೋಟೆಯ ಮೂಲೆ ಬಟ್ಟೆಯ ಮೂಲಕ ಪಕ್ಕೆಗೆ ಚುಚ್ಚುತ್ತಿತ್ತು.

"ಇಲ್ಲ ಮಗು" ಎಂದಳು. "ಇರೋದು ಒಂದೇ."